ಬೆಂಚಿನ ಕೊನೆಯ ಜಾಗ

ನಮ್ಮ ಮಗಳು ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆಂದು ತಿಳಿದ ಊರಿನ ಬಂಧುಗಳು ಫೋನಿನಲ್ಲಿ ಮೊದಲು ಕೇಳುವ ಪ್ರಶ್ನೆ, "ಗೆದ್ದಳೇ?" ಎಂಬುದು. ಇದಕ್ಕೆ ನಾವು ಈವರೆಗೆ ನೇರವಾದ ಉತ್ತರ ಕೊಟ್ಟವರಲ್ಲ. ಗೆಲ್ಲುವುದು ದೂರದ ಮಾತು. ಆಡುವುದೇ ಅವಳಿಗೆ ದುರ್ಲಭವಾಗಿದೆ. ಅವಳಿರುವ ತಂಡ ವಡೋದರಾದಲ್ಲಿ ಸೋಲುತ್ತದೆ, ಅಹಮದಾಬಾದಿನಲ್ಲಿ ಸೋಲುತ್ತದೆ, ಸೂರತ್ತಿನವರೆಗೆ ರೈಲಿನಲ್ಲಿ ಹೋಗಿ ಅಲ್ಲಿಯೂ ಸೋತು ಬರುತ್ತದೆ. ಸೋಲುವ ಆ ತಂಡದಲ್ಲಿಯೂ ಅವಳ ಜಾಗ ಬೆಂಚಿನ ಕೊನೆಗೆ, ನೀರಿನ ಸೀಸೆಗಳ ಪಕ್ಕದಲ್ಲಿ.

ಇಂಥ ಹುಚ್ಚು ಎಲ್ಲಿಂದ ಹತ್ತಿತೆಂದು ಹೇಳಬೇಕು. 2019ರ ಸೆಪ್ಟೆಂಬರಿನಲ್ಲಿ ಪಕ್ಷಮಾಸದ ಶ್ರಾದ್ಧಕ್ಕೆಂದು ನಾವು ಬೆಂಗಳೂರಿಗೆ ಹೋಗಿದ್ದೆವು. ಆಗ ಅಲ್ಲಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ಪಂದ್ಯಗಳು ನಡೆದಿದ್ದುವು. ಮನೆ ತುಂಬ ಮಡಿಯವರ ಗದ್ದಲ. ಎಂಟು ವರ್ಷದ ಹುಡುಗಿ ಕಾಲಿಗೆ ತೊಡರುತ್ತಾಳೆಂದು ಸೋದರಮಾವ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದ. ಎರಡು ವರ್ಷ ಹಿಂದೆ, 2017ರ ಜುಲೈಯಲ್ಲಿ, ನಮ್ಮ ದೇಶದ ಹೆಣ್ಣುಮಕ್ಕಳು ಅದೇ ಊರಿನಲ್ಲಿ ಕಜಕಸ್ತಾನವನ್ನು 75–73ರಿಂದ ಸೋಲಿಸಿ ಎರಡನೆಯ ದರ್ಜೆಯಿಂದ ಮೇಲೆ ಬಂದಿದ್ದರು. ಆ ಆಟ ನೋಡುವ ಭಾಗ್ಯ ನಮ್ಮವಳಿಗೆ ಇರಲಿಲ್ಲ. ಅವಳು ನೋಡಿದ್ದು 2019ರ ಆಟ. ಆ ಸಲ ಭಾರತ ಒಂದನ್ನೂ ಗೆಲ್ಲದೆ ಎಂಟನೆಯ, ಎಂದರೆ ಕಟ್ಟಕಡೆಯ, ಸ್ಥಾನದಲ್ಲಿ ನಿಂತಿತು. ಮನೆಗೆ ಬಂದು ಎಲೆಯ ಮುಂದೆ ಕುಳಿತವಳು ಕೇಳಿದ್ದು ಒಂದೇ: "ಆ ಕೊನೆಯಲ್ಲಿ ಕೂತಿದ್ದ ಅಕ್ಕನನ್ನು ಯಾಕೆ ಕರೆಯಲೇ ಇಲ್ಲ?" ಆಗ ನಾವು ನಕ್ಕು ವಡೆ ಬಡಿಸಿದೆವು.

ನಮ್ಮಿಬ್ಬರಲ್ಲಿ ಒಬ್ಬರಿಗೆ ಲೆಕ್ಕದ ಹುಚ್ಚು, ಇನ್ನೊಬ್ಬರಿಗೆ ಕಾಗದ ಬರೆಯುವ ಹುಚ್ಚು. ಯಾರಿಗೆ ಯಾವುದೆಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಸಂಸಾರದ ಮಾತು. ಲೆಕ್ಕದವರು ಒಂದು ರಾತ್ರಿ ಊಟವಾದ ಮೇಲೆ ಹೀಗೆ ವಾದ ಹೂಡಿದರು. ಆಟಕ್ಕೆ 10 ನಿಮಿಷದ 4 ಪಾಳಿ, ಒಟ್ಟು 40 ನಿಮಿಷ. ಅಂಗಳದಲ್ಲಿ ಒಂದು ಪಕ್ಷಕ್ಕೆ 5 ಜನ. ಅಲ್ಲಿಗೆ ಹಂಚಬೇಕಾದ ನಿಮಿಷಗಳು 200. ತಂಡದಲ್ಲಿ 12 ಜನ. ಎಷ್ಟು ಸಲ ಬೇಕಾದರೂ ಬದಲಾಯಿಸಲು ಕಟ್ಟಳೆ ಒಪ್ಪುತ್ತದೆ. ಆದ್ದರಿಂದ ತಲೆಗೆ 16 ನಿಮಿಷ 40 ಸೆಕೆಂಡು ಬರಬೇಕು. ಮಗಳು ಹಪ್ಪಳ ಮುರಿಯುತ್ತ ಎಲ್ಲವನ್ನೂ ಕೇಳಿ, "ಸಾಲಾಗಿ ಕೂರಿಸಿ ಹಂಚುವುದಕ್ಕೆ ಅದೇನು ಕೋಸಂಬರಿಯೇ?" ಎಂದಳು. ಲೆಕ್ಕ ಅಲ್ಲಿಗೇ ನಿಂತಿತು.

ಮೊದಮೊದಲು ಈ ಆಟ ಕೋಸಂಬರಿಯ ಹಾಗೆಯೇ ಇತ್ತು ಎಂಬುದು ಸ್ವಾರಸ್ಯವಾದ ಸಂಗತಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಚಳಿಗಾಲದಲ್ಲಿ ಹುಡುಗರನ್ನು ಒಳಗೇ ಆಡಿಸಲೆಂದು ಪೀಚ್ ಹಣ್ಣಿನ ಬುಟ್ಟಿಗಳನ್ನು ಮೇಲುಪ್ಪರಿಗೆಯ ಕಟಕಟೆಗೆ ಮೊಳೆ ಹೊಡೆದು ಕೂಡಿಸಿದರು. ಅವರ ತರಗತಿಯಲ್ಲಿ 18 ಮಂದಿ; ಆದ್ದರಿಂದ ಪಕ್ಷಕ್ಕೆ 9 ಮಂದಿಯಂತೆ ಎಲ್ಲರೂ ಆಡಿದರು. ಆ ದಿನ ಬೆಂಚಿನ ಮೇಲೆ ಕುಳಿತವರೇ ಇಲ್ಲ. ಇಡೀ ಆಟಕ್ಕೆ ಬಿದ್ದದ್ದು ಒಂದೇ ಬುಟ್ಟಿ ಎನ್ನುತ್ತಾರೆ. ಐವರ ಆಟ, ಬೆಂಚು, ಅದರ ಸಂಕಟ ಎಲ್ಲ ಆಮೇಲೆ ಬಂದದ್ದು.

ಇನ್ನು ಸೂರತ್ತಿನ ವಿಚಾರ. ಆ ದಿನ ನಾವೂ ಹೋಗಿದ್ದೆವು. ಬೆಳಗಿನ ಜಾವ ಎದ್ದು ಚಿತ್ರಾನ್ನ ಕಟ್ಟಿಕೊಂಡು ರೈಲು ಹತ್ತಿ, ಭರೂಚಿನಲ್ಲಿ ಉಪ್ಪು ಹಚ್ಚಿದ ಕಡಲೆಕಾಯಿ ಬೀಜ ಕೊಂಡು, ನರ್ಮದೆಯ ಮೇಲೆ ಗಾಡಿ ಸಾಗುವಾಗ ಕೈಮುಗಿದು, ಸುಮಾರು 130 ಕಿಲೋಮೀಟರು ಹೋದೆವು. ಎದುರು ಪಕ್ಷದ ಹುಡುಗಿಯರು ಎತ್ತರದವರು, ಚುರುಕಿನವರು. ಮೂರನೆಯ ಪಾಳಿಯ ಹೊತ್ತಿಗೆ ನಮ್ಮವರು ಮೂವತ್ತು ಅಂಕ ಹಿಂದೆ. ಆದರೂ ಮಾಸ್ತರರು ಬೆಂಚಿನ ಕೊನೆಯ ಕಡೆಗೆ ತಿರುಗಿಯೂ ನೋಡಲಿಲ್ಲ. ಕೊನೆಗೆ, ಆಟ ಹೋದದ್ದು ಗೋಡೆಯ ಗಡಿಯಾರಕ್ಕೂ ತಿಳಿದ ಮೇಲೆ, ಅವಳನ್ನು ಕರೆದರು. ಅವಳು ಅಂಗಿಯನ್ನು ಸರಿಮಾಡಿಕೊಂಡು ಓಡಿಹೋದಳು. ಒಂದು ನಿಮಿಷ 50 ಸೆಕೆಂಡು. ಚೆಂಡು ಒಮ್ಮೆ ಕೈಗೆ ಬಂತು, ಕೊಟ್ಟುಬಿಟ್ಟಳು. ಪೀಪಿ ಊದಿತು.

ಸೋಲುವ ತಂಡದ ಕಷ್ಟ ನಮಗೆ ಅರಿವಾದದ್ದು ಆಗಲೇ. ಗೆಲ್ಲುವ ತಂಡದಲ್ಲಿ ಕಿರಿಯರಿಗೆ ಕೊನೆಯಲ್ಲಿ ನೆಮ್ಮದಿಯ ನಾಲ್ಕು ನಿಮಿಷಗಳಾದರೂ ಸಿಕ್ಕುತ್ತವೆ. ಸೋಲುವವರಲ್ಲಿ ಹಿರಿಯರು ಈಗ ಸರಿಹೋದೀತು, ಇನ್ನೊಂದು ಗಳಿಗೆಗೆ ಸರಿಹೋದೀತು ಎಂದು ಅಂಗಳ ಬಿಡುವುದಿಲ್ಲ. ಬಿಟ್ಟಾಗ ಉಳಿಯುವುದು ಯಾರಿಗೂ ಬೇಡವಾದ ನಿಮಿಷ.

ಹಿಂತಿರುಗಿದ ರಾತ್ರಿಯೇ ಕಾಗದದ ಹುಚ್ಚಿನವರು ಮಾಸ್ತರರಿಗೆ ಕಾಗದ ಬರೆದರು. ಈಗಿನ ಕಾಲದಲ್ಲಿ ಕಾಗದವೇ ಎಂದು ನಗಬೇಡಿ. ಫೋನಿನ ಸಂದೇಶಕ್ಕೆ ಗಾಂಭೀರ್ಯ ಸಾಲದೆಂದು ನಮಗೆ ತೋರಿತು. ಲೆಕ್ಕದವರು ತಡೆಯಲಿಲ್ಲ, 16 ನಿಮಿಷ 40 ಸೆಕೆಂಡಿನ ವಿಷಯ ಸೇರಿಸಿಕೊಟ್ಟರು. ಆದ್ದರಿಂದ ಅಪರಾಧ ಇಬ್ಬರದೂ.

ಮುಂದಿನ ಆಟ ನಮ್ಮ ವಡೋದರಾದಲ್ಲೇ. ಎರಡನೆಯ ಪಾಳಿಯಲ್ಲಿಯೇ ಅವಳನ್ನು ಇಳಿಸಿದರು. ಪೂರಾ ಆರು ನಿಮಿಷ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಂತೋಷಪಟ್ಟೆವು. ಸಂಜೆ ಅವಳು ಮನೆಗೆ ಬಂದಾಗ ಮುಖ ಕೆಂಪಗಾಗಿತ್ತು. ಕಾಗದದ ಸುದ್ದಿ ಗೆಳತಿಯರ ಬಾಯಲ್ಲಿ ಓಡಾಡುತ್ತಿತ್ತು. ಬೂಟನ್ನು ಬಾಗಿಲಲ್ಲಿ ಬಿಟ್ಟು, ಹೆಚ್ಚು ಕೂಗಾಡದೆ ಹೇಳಿದಳು: "ಆ ಆರು ನಿಮಿಷ ನನ್ನದಲ್ಲ. ನಿಮ್ಮದು. ಇನ್ನು ಮೇಲೆ ನಾನು ಎಷ್ಟು ಆಡಿದರೂ ಕಾಗದದಿಂದ ಆಡಿದೆ ಅಂತಾರೆ." ನಮಗೆ ಉತ್ತರ ಹೊಳೆಯಲಿಲ್ಲ. ಒಂದು ವಾರ ಮನೆಯಲ್ಲಿ ಮಾತಿಲ್ಲ. ಬೇಕಾದದ್ದನ್ನು ಗುಜರಾತಿಯಲ್ಲಿ ಕೇಳುತ್ತಿದ್ದಳು. ಈ ಹುಡುಗಿಗೆ ಕೋಪ ಬಂದರೆ ಕನ್ನಡ ಬಿಡುತ್ತಾಳೆ; ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಈ ಶಿಕ್ಷೆಯ ರುಚಿ ಗೊತ್ತಿದ್ದೀತು.

ಆ ವಾರ ಮಾಡಲು ಬೇರೆ ಕೆಲಸವಿಲ್ಲದೆ ನಾವು ಈ ಆಟದ ಚರಿತ್ರೆ ಓದಿದೆವು. 1980ರಲ್ಲಿ ಹಲವು ರಾಷ್ಟ್ರಗಳು ಮಾಸ್ಕೋ ಒಲಿಂಪಿಕ್ಸನ್ನು ಬಹಿಷ್ಕರಿಸಿದಾಗ ಭಾರತದ ಪುರುಷರ ತಂಡಕ್ಕೆ ಕರೆ ಬಂತು. ಆಡಿದ 7 ಪಂದ್ಯಗಳಲ್ಲಿ 7ನ್ನೂ ಸೋತು ಹನ್ನೆರಡನೆಯದಾಗಿ ನಿಂತಿತು. ಸೋವಿಯತ್ ತಂಡದೆದುರು 65ಕ್ಕೆ 121. ಆದರೂ ಒಲಿಂಪಿಕ್ಸಿನಲ್ಲಿ ಈ ಆಟ ಆಡಿದ ಭಾರತದ ತಂಡ ಈವರೆಗೆ ಅದೊಂದೇ. ಅದಕ್ಕಿಂತ ನಮ್ಮ ಮನಸ್ಸಿಗೆ ನಾಟಿದ್ದು ಸಿಮ್ ಭುಲ್ಲರನ ಕಥೆ. ಟೊರಾಂಟೋದಲ್ಲಿ ಹುಟ್ಟಿದ ಪಂಜಾಬಿ ಮನೆತನದ ಹುಡುಗ, ಎತ್ತರ ಏಳೂವರೆ ಅಡಿಗೆ ಒಂದೇ ಅಂಗುಲ ಕಡಮೆ. ಅಮೆರಿಕದ ಎನ್‌ಬಿಎಯಲ್ಲಿ ಆಡಿದ ಭಾರತೀಯ ಮೂಲದವರಲ್ಲಿ ಅವನೇ ಮೊದಲಿಗ. ತಂಡ ಸ್ಯಾಕ್ರಮೆಂಟೊ ಕಿಂಗ್ಸ್. ಆ ವರ್ಷ 82 ಪಂದ್ಯಗಳಲ್ಲಿ 53ನ್ನು ಸೋತ ತಂಡ. 2015ರ ಏಪ್ರಿಲ್ 7ರಂದು ಅವನನ್ನು ಮೊದಲ ಸಲ ಅಂಗಳಕ್ಕೆ ಇಳಿಸಿದರು, 16 ಸೆಕೆಂಡು. ಅಲ್ಲಿಂದ ಮುಂದೆ ಇನ್ನೆರಡು ಪಂದ್ಯ, ಅಷ್ಟೇ.

ಇದನ್ನು ಊಟದ ಹೊತ್ತಿನಲ್ಲಿ, ಯಾರಿಗೋ ಹೇಳುವ ಹಾಗೆ, ಗೋಡೆಗೆ ಹೇಳಿದೆವು. ತಟ್ಟೆಯಿಂದ ತಲೆಯೆತ್ತದೆ ಅವಳು ಕನ್ನಡದಲ್ಲಿ, "ಹದಿನಾರೇ ಸೆಕೆಂಡೇ? ಅವನ ಮನೆಯವರು ಕಾಗದ ಬರೆಯಲಿಲ್ಲವೇನೋ!" ಎಂದಳು. ಆಮೇಲೆ ಸಾರು ಕೇಳಿದಳು.

ಮರುದಿನ ಅವಳೇ ಮಾಸ್ತರರ ಬಳಿ ಹೋಗಿ, ಕಾಗದವನ್ನು ಮರೆತುಬಿಡಿ, ನಾನು ಅಭ್ಯಾಸಕ್ಕೆ ಮುಂಚೆ ಬರುತ್ತೇನೆ ಎಂದು ಹೇಳಿ ಬಂದಳು. ಅವರು ಸರಿಯೆಂದರಂತೆ. ಮುಂದಿನ ಎರಡು ಆಟಗಳಲ್ಲಿ ಮತ್ತೆ ನೀರಿನ ಸೀಸೆಗಳ ಪಕ್ಕ; ಒಂದರಲ್ಲಿ ಎದ್ದೇಳಲೂ ಇಲ್ಲ. ನಾವು ತುಟಿ ಬಿಗಿಹಿಡಿದು ಕುಳಿತೆವು. ಅದೂ ಒಂದು ಬಗೆಯ ಬೆಂಚೇ.

ಕಳೆದ ತಿಂಗಳು ಅಹಮದಾಬಾದಿನ ಆಟ. ಮೂರನೆಯ ಪಾಳಿ ಮುಗಿಯುವ ಮೊದಲೇ ನಮ್ಮ ತಂಡದ ಇಬ್ಬರು ಐದೈದು ತಪ್ಪು ಮಾಡಿ ಹೊರಬಿದ್ದರು. ಇನ್ನೊಬ್ಬಳು ಕಾಲು ಉಳುಕಿಸಿಕೊಂಡಳು. ಮಾಸ್ತರರು ಬೆಂಚಿನ ಉದ್ದಕ್ಕೂ ನೋಡಿ, ಕೊನೆಯವಳನ್ನು ಕರೆದರು. ಆಗ ಅಂಕಗಳ ಅಂತರ ಎಂಟೇ. ಆಟ ಇನ್ನೂ ಜೀವಂತವಾಗಿತ್ತು. ಅವಳು ಪೂರ್ತಿ 11 ನಿಮಿಷ ಆಡಿದಳು. ಒಮ್ಮೆ ಚೆಂಡು ಕಾಲಿಗೆ ಬಡಿದು ಹೊರಗೆ ಹೋಯಿತು. ಒಮ್ಮೆ ತನ್ನ ಗೆಳತಿಗೇ ಢಿಕ್ಕಿ ಹೊಡೆದಳು. ಒಂದು ಸಲ ಎತ್ತರದ ಹುಡುಗಿಯೊಬ್ಬಳ ಕೈಯಿಂದ ಚೆಂಡನ್ನು ಕಿತ್ತು ಓಡಿ, ತಳ್ಳಿಸಿಕೊಂಡು ಬಿದ್ದಳು. ಎರಡು ಫ್ರೀ ಥ್ರೋ ಸಿಕ್ಕಿದುವು. ಮೊದಲನೆಯದು ಕಬ್ಬಿಣದ ಬಳೆಗೆ ತಾಗಿ ಹಾರಿತು. ಎರಡನೆಯದು ಒಳಗೆ ಬಿತ್ತು. ತಂಡ 13 ಅಂಕಗಳಿಂದ ಸೋತಿತು.

ರಾತ್ರಿಯ ಗಾಡಿಯಲ್ಲಿ ಮೊಣಕಾಲಿಗೆ ಅರಿಶಿನ ಹಚ್ಚಲು ಹೋದರೆ ಕೊಸರಿಕೊಂಡಳು. ಮಣಿನಗರ ದಾಟಿದ ಮೇಲೆ, "ಮಾಸ್ತರರು ಏನೆಂದರು?" ಎಂದು ಹೆದರುತ್ತಲೇ ಕೇಳಿದೆವು. "ಎಡಗೈ ಏನೂ ಸಾಲದು, ಮಂಗಳವಾರದಿಂದ ಅರ್ಧ ಗಂಟೆ ಮುಂಚೆ ಬಾ ಅಂದರು" ಎಂದಳು. ಇಂಥ ಬೈಗುಳವನ್ನು ಅಷ್ಟು ಹಿಗ್ಗಿನಿಂದ ಹೇಳಿದವರನ್ನು ನಾವು ಕಂಡಿಲ್ಲ. ಆಣಂದ್ ಬರುವಷ್ಟರಲ್ಲಿ ಚೀಲಕ್ಕೆ ತಲೆಯಿಟ್ಟು ನಿದ್ದೆಹೋದಳು.

ಇಷ್ಟನ್ನು ಬರೆದದ್ದಕ್ಕೆ ಒಂದು ಸಣ್ಣ ಕಾರಣವೂ ಉಂಟು. ಅವರ ಮುಂದಿನ ಪಂದ್ಯ ಸೂರತ್ತಿನಲ್ಲಿ, ನಮ್ಮ ಸಂಘದ ರಾಜ್ಯೋತ್ಸವ ನಡೆಯುವ ಭಾನುವಾರವೇ ಬಿದ್ದಿದೆ. ಮಕ್ಕಳ ಕೋಲಾಟದಲ್ಲಿ ಅವಳ ಹೆಸರಿದೆ. ಜೊತೆಯ ಹುಡುಗಿಗೆ ಕೋಲು ತಟ್ಟಲು ಬೇರೆ ಕೈ ಬೇಕಾಗುತ್ತದೆ. ಕಾರ್ಯದರ್ಶಿಗಳು ದಯವಿಟ್ಟು ಗಮನಿಸಬೇಕು. ಅಂದು ಅವಳನ್ನು ಆಡಿಸುತ್ತಾರೋ ಇಲ್ಲವೋ ತಿಳಿಯದು, ಅವಳಂತೂ ಹೋಗುತ್ತಾಳೆ. ನಮ್ಮ ಪಾಲಿಗೆ ಬಂದಿರುವ ಐವತ್ತು ಹೋಳಿಗೆಗಳನ್ನು ಶನಿವಾರ ಸಂಜೆಯೇ ತಲುಪಿಸುತ್ತೇವೆ.