ನಿಲ್ಲಿಸುವ ವಿದ್ಯೆ



ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಪರೀಕ್ಷೆಯ ಫಲಿತಾಂಶವನ್ನೋ ಶಿಸ್ತಿನ ಪ್ರಯೋಜನವನ್ನೋ ಕುರಿತು ನಾಲ್ಕು ಮಾತು ಬರೆಯುವದು ವಾಡಿಕೆ. ಈ ಸಾರಿ ನಾವು ಮೋಟಾರು ಗಾಡಿಯ ಹಿಂಚಕ್ರಗಳ ಬ್ರೇಕನ್ನು ಕುರಿತು ಬರೆಯಲುದ್ದೇಶಿಸಿದ್ದೇವೆ. ಇದೆಂಥ ವಿಷಯವೆಂದು ತಾವು ಹುಬ್ಬೇರಿಸಬಹುದು. ಆದರೆ 2024ನೆಯ ಇಸವಿಯ ಬೇಸಗೆಯಲ್ಲಿ ಈ ಬ್ರೇಕಿನ ದೆಸೆಯಿಂದ ಒಂದು ಮನೆಯಲ್ಲಿ ತಂದೆ ಮಗಳ ನಡುವಣ ಮಾತೇ ನಿಂತುಹೋಗುವ ಹಾಗಾಗಿತ್ತು. ಅದರ ತೀರ್ಮಾನಕ್ಕೆ ನಮ್ಮನ್ನು ಕರೆಯಲಾಯಿತು. ಈಗ ಇಬ್ಬರ ಸಮ್ಮತಿಯನ್ನೂ ಪಡೆದು, ಹೆಸರುಗಳನ್ನು ಬಿಟ್ಟು, ನಡೆದುದನ್ನು ತಿಳಿಸುತ್ತೇವೆ.

2014ರಲ್ಲಿ ನಮ್ಮ ಶಾಲೆಯಿಂದ ತೇರ್ಗಡೆಯಾಗಿ ಹೊರಟ ವಿದ್ಯಾರ್ಥಿನಿಯೊಬ್ಬಳು ಯಂತ್ರಶಾಸ್ತ್ರವನ್ನು ಕಲಿತು ಉದ್ಯೋಗದಲ್ಲಿದ್ದಾಳೆ. ಆಕೆ ತನ್ನ ಸಂಬಳದಲ್ಲಿ ಉಳಿಸಿದ ಹಣದಿಂದ ಹಳೆಯದೊಂದು ಚಿಕ್ಕ ಕಾರನ್ನು ಕೊಂಡು, ಹಿಂದಿನ ಆಸನಗಳನ್ನು ಕಳಚಿ, ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಯಲ್ಲಿರುವ ಓಟದ ಪಥದ ಮೇಲೆ ನಡಿಸುವದಕ್ಕೆ ಸಿದ್ಧಪಡಿಸುತ್ತಿದ್ದಳು. ತಂದೆಯವರು ನಮಗೆ ಬರೆದ ಪತ್ರದಲ್ಲಿ ಎರಡು ಸಂಗತಿಗಳಿದ್ದವು. ಒಂದು, ಮಗಳ ಜೀವದ ಭಯ. ಮತ್ತೊಂದು, ಗಾಡಿಯನ್ನು ಕಟ್ಟಿದವರು ಹಿಂದಕ್ಕೆ ಡ್ರಂ ಬ್ರೇಕನ್ನು ಹಾಕಿರುವಾಗ ಅದನ್ನು ಕಿತ್ತು ಡಿಸ್ಕ್ ಬ್ರೇಕನ್ನು ಕೂಡಿಸುವದಕ್ಕೆ ಇವಳು ಅವರಿಗಿಂತ ಬಲ್ಲವಳೋ ಎಂಬ ಪ್ರಶ್ನೆ. "ತಾವು ಹೇಳಿದರೆ ಕೇಳುವಳು, ದಯವಿಟ್ಟು ಬಿಡಿಸಿರಿ" ಎಂದು ಮುಗಿಸಿದ್ದರು. ನೋಡದೆ ಉತ್ತರ ಕೊಡುವದು ಉಚಿತವಲ್ಲವೆಂದು ನಾವು ಶನಿವಾರಗಳಲ್ಲಿ ಆಕೆಯ ಕೊಟ್ಟಿಗೆಗೆ ಹೋಗಿ ಕುಳಿತು ನೋಡಿದೆವು.

ಹೆಣ್ಣುಮಕ್ಕಳಿಗೂ ಬ್ರೇಕಿಗೂ ಏನು ಸಂಬಂಧವೆಂದು ಕೇಳುವವರಿಗೆ ಒಂದು ಮಾತು. 1888ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬರ್ಥಾ ಬೆಂಜ್ ಎಂಬ ಮಹಿಳೆ, ತನ್ನ ಪತಿ ನಿರ್ಮಿಸಿದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಇಬ್ಬರು ಪುತ್ರರನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ಅಂದರೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು, ಪ್ರಯಾಣ ಮಾಡಿದಳು. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡುಗಳು ಸವೆಯಲು, ಆಕೆ ಪಾದರಕ್ಷೆ ಹೊಲಿಯುವವರಿಂದ ಅವುಗಳಿಗೆ ತೊಗಲನ್ನು ಹೊದಿಸಿಕೊಂಡಳೆಂದು ಹೇಳುತ್ತಾರೆ. ಬ್ರೇಕಿನ ಒಳಹೊದಿಕೆಯ ಕಥೆಯು ಆರಂಭವಾಗುವದು ಈ ತಾಯಿಯಿಂದಲೇ. ಅನಂತರ 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಡ್ರಂ ಬ್ರೇಕನ್ನು ರೂಪಿಸಿದನು. ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರನು ಡಿಸ್ಕ್ ಬ್ರೇಕಿಗೆ ಹಕ್ಕುಪತ್ರ ಪಡೆದನು. ಆದರೂ ಡಿಸ್ಕಿಗೆ ಮನ್ನಣೆ ಬಂದದ್ದು ಅರ್ಧ ಶತಮಾನದ ಮೇಲೆ. 1953ರಲ್ಲಿ ಲ ಮಾನ್ಸ್ ಎಂಬಲ್ಲಿಯ ಇಪ್ಪತ್ತನಾಲ್ಕು ಘಂಟೆಗಳ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗಾಡಿಯು ಗೆದ್ದಾಗ ಲೋಕದ ಕಣ್ಣು ತೆರೆಯಿತು.

ಇವೆರಡರ ಭೇದವನ್ನು ಅಡಿಗೆಮನೆಯ ಸಾಮಾನುಗಳಿಂದಲೇ ತಿಳಿಯಬಹುದು. ಡ್ರಂ ಎಂಬದು ಚಕ್ರದೊಡನೆ ತಿರುಗುವ ಬೋಗುಣಿ. ಅದರೊಳಗಿನ ಎರಡು ಕಮಾನುಗಳು ಹೊರಕ್ಕೆ ಒತ್ತಿ ಬೋಗುಣಿಯ ಒಳಗೋಡೆಯನ್ನು ಹಿಡಿಯುತ್ತವೆ. ಡಿಸ್ಕ್ ಎಂಬದು ತಿರುಗುವ ತಟ್ಟೆ. ಅದನ್ನು ಎರಡು ಪಕ್ಕಗಳಿಂದ ಇಕ್ಕಳದಂತೆ ಅದುಮಲಾಗುವದು. ಡ್ರಮ್ಮಿನ ಮುಂಗಮಾನನ್ನು ತಿರುಗುವ ಬೋಗುಣಿಯೇ ತನ್ನೊಳಕ್ಕೆ ಎಳೆದುಕೊಳ್ಳುವದರಿಂದ ಅಲ್ಪ ಒತ್ತಡಕ್ಕೆ ಅಧಿಕ ಹಿಡಿತ ದೊರೆಯುತ್ತದೆ. ಇದು ಅದರ ದೊಡ್ಡ ಗುಣ. ಆದರೆ ಕಾದಾಗ ಬೋಗುಣಿಯು ಹಿಗ್ಗಿ ಕಮಾನಿನಿಂದ ದೂರ ಸರಿಯುತ್ತದೆ. ಒಳಗಿನ ಬಿಸಿಗೆ ಹೊರಬೀಳಲು ದಾರಿ ಕಡಿಮೆ. ಹೊದಿಕೆಯ ಹಿಡಿತವೂ ಕುಂದುತ್ತದೆ. ತಟ್ಟೆಯಾದರೋ ಗಾಳಿಗೆ ಮೈತೆರೆದಿದ್ದು ಬೇಗ ಆರುತ್ತದೆ. ಕಾದು ದಪ್ಪವಾದರೆ ಇಕ್ಕಳದ ಕಡೆಗೇ ಬರುತ್ತದೆ.

ಬಿಸಿ ಎಷ್ಟೆಂದು ನಮ್ಮ ಹತ್ತನೆಯ ತರಗತಿಯ ಹುಡುಗಿಯರು ಲೆಕ್ಕ ಮಾಡಿದರು. 800 ಕಿಲೋಗ್ರಾಂ ತೂಕದ ಗಾಡಿ ಘಂಟೆಗೆ 100 ಕಿಲೋಮೀಟರು ವೇಗದಲ್ಲಿರುವಾಗ ಅದರ ಚಲನಶಕ್ತಿ ಸುಮಾರು 3 ಲಕ್ಷ ಜೂಲ್. ಒಂದು ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಹೆಚ್ಚುಕಡಿಮೆ ಇಷ್ಟೇ ಶಾಖ ಬೇಕು. ವೇಗವನ್ನು ಅರ್ಧಕ್ಕೆ ಇಳಿಸಿದರೆ ಶಕ್ತಿಯು ಕಾಲುಭಾಗಕ್ಕೆ ಇಳಿಯುತ್ತದೆ. ಊರ ರಸ್ತೆಯಲ್ಲಿ ಇಂಥ ನಿಲುಗಡೆ ಅಪರೂಪ. ಓಟದ ಪಥದಲ್ಲಿ ತಿರುವು ತಿರುವಿಗೂ ಗಾಡಿಯ ಓಟವನ್ನು ಬಲವಾಗಿ ತಗ್ಗಿಸಬೇಕಾಗಿ, ಒಂದರ ಶಾಖ ಆರುವದರೊಳಗೆ ಇನ್ನೊಂದು ಬಂದು ಸೇರುತ್ತದೆ. ತಂದೆಯವರ ಎರಡನೆಯ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ. ಗಾಡಿಯನ್ನು ಕಟ್ಟಿದವರು ಬಲ್ಲವರೇ. ಆದರೆ ಅವರು ಕಟ್ಟಿದ್ದು ಸಂತೆಗೂ ಕಛೇರಿಗೂ ಹೋಗಿಬರುವ ಗಾಡಿಯನ್ನು. ಕೆಲಸ ಬದಲಾದರೆ ಸಲಕರಣೆಯೂ ಬದಲಾಗಬೇಕಾಗುವದು.

"ಹಾಗಾದರೆ ಇದರಿಂದ ಗಾಡಿ ಬೇಗ ನಿಲ್ಲುವದೋ?" ಎಂದು ನಾವು ಕೇಳಿದೆವು. ಆಕೆ ಕೊಟ್ಟ ಉತ್ತರವು ನಮಗೆ ಬಹಳ ಮೆಚ್ಚಿಗೆಯಾಯಿತು. "ಒಂದೇ ಸಾರಿ ನಿಲ್ಲಿಸುವದಾದರೆ ಹೆಚ್ಚೇನೂ ಭೇದವಿಲ್ಲ, ಅಮ್ಮ. ಕಡೆಗೆ ನಿಲ್ಲಿಸುವದು ಟಾಯರು. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಇಂಥ ಗಾಡಿಯಲ್ಲಿ ಮುಕ್ಕಾಲು ಪಾಲಿನ ಕೆಲಸ ಮುಂಚಕ್ರಗಳದೇ. ಹತ್ತನೆಯ ಸುತ್ತಿನಲ್ಲಿಯೂ ಹಿಂಚಕ್ರಗಳು ಮೊದಲನೆಯ ಸುತ್ತಿನಂತೆಯೇ ನಡೆದುಕೊಳ್ಳಬೇಕು, ಅಷ್ಟೇ ನನ್ನ ಅಪೇಕ್ಷೆ" ಎಂದಳು. ತಾನು ಮಾಡುವ ಕೆಲಸದ ಲಾಭವನ್ನು ಇದ್ದಷ್ಟೇ ಹೇಳುವವಳ ಕೈಯಲ್ಲಿ ಕೆಲಸ ಕೆಡುವದು ಕಡಿಮೆಯೆಂದು ನಾವು ಅಂದೇ ಎಣಿಸಿದೆವು.

ಕೆಲಸವು ಸಾವಧಾನದಿಂದ ಸಾಗಿತು. ಡ್ರಮ್ಮನ್ನು ತೆಗೆದಾಗ ಅದರೊಳಗಿನ ಕಪ್ಪು ಧೂಳನ್ನು ಆಕೆ ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರಸಿದಳು. ಹಳೆಯ ಹೊದಿಕೆಗಳಲ್ಲಿ ಪುಪ್ಪುಸಕ್ಕೆ ಕೇಡುಮಾಡುವ ಕಲ್ನಾರು ಇರುವದುಂಟು. ಬೇರೊಂದು ದೊಡ್ಡ ಗಾಡಿಯಿಂದ ತಂದ ತಟ್ಟೆಗಳನ್ನೂ ಕ್ಯಾಲಿಪರುಗಳನ್ನೂ ಕೂಡಿಸಲು ಉಕ್ಕಿನ ಆಸರೆಗಳನ್ನು ಅಳೆದು ಮಾಡಿಸಿದಳು. ಕೈಬ್ರೇಕನ್ನು ಮರೆಯಲಿಲ್ಲ, ಅದನ್ನು ಎಳೆಯುವ ಸನ್ನೆಯುಳ್ಳ ಕ್ಯಾಲಿಪರನ್ನೇ ಆರಿಸಿದ್ದಳು. ಮಾರ್ಪಡಿಸಿದ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ತರದೆ, ಬೇಕಾದ ಸ್ಥಳಕ್ಕೆ ಲಾರಿಯ ಮೇಲೆ ಸಾಗಿಸುವ ಏರ್ಪಾಟನ್ನು ಮಾಡಿದಳು.

ಮೊದಲನೆಯ ಪರೀಕ್ಷೆ ಒಂದು ಕಾರ್ಖಾನೆಯ ವಿಶಾಲವಾದ ಬರಿದು ಅಂಗಳದಲ್ಲಿ, ನೆಲಕ್ಕೆ ನೀರು ಹೊಯ್ದು, ಘಂಟೆಗೆ 40 ಕಿಲೋಮೀಟರು ವೇಗದಲ್ಲಿ ನಡೆಯಿತು. ನಾವೂ ತಂದೆಯವರೂ ದೂರದಲ್ಲಿ ನಿಂತಿದ್ದೆವು. ಆಕೆ ಬ್ರೇಕು ತುಳಿದ ಕೂಡಲೇ ಹಿಂಚಕ್ರಗಳು ಮೊದಲು ಬಿಗಿದುಕೊಂಡು, ಗಾಡಿಯು ಗಿರ್ರನೆ ತಿರುಗಿ ನಮ್ಮ ಕಡೆಗೆ ಮುಖಮಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ತಂದೆಯವರ ಮುಖವು ಬಿಳಿಚಿಕೊಂಡಿತು. "ನೋಡಿದಿರಾ? ನಾಳೆಯೇ ಇದನ್ನು ಮಾರಿಬಿಡುತ್ತೇನೆ" ಎಂದು ನಮ್ಮ ಕಡೆಗೆ ತಿರುಗಿದರು.

ಉತ್ತರ ಕೊಡಬೇಕಾದ ಗಳಿಗೆ ಅದೇ. ಮಗಳು ಇಳಿದು ಬಂದು, ನಡುಗುವ ಕೈಗಳಿಂದಲೇ ನೆಲದ ಮೇಲಿನ ಗುರುತುಗಳನ್ನು ಅಳೆಯುತ್ತಿದ್ದಳು. ನಾವು ತಂದೆಯವರಿಗೆ ಹೀಗೆ ಹೇಳಿದೆವು: "ಸ್ವಾಮೀ, ಗಾಡಿ ತಿರುಗಿದ್ದು ನಿಜ. ಅದು ತಿರುಗಬಹುದೆಂದು ಬಲ್ಲವಳಾದ್ದರಿಂದಲೇ ಯಾರೂ ಇಲ್ಲದ ಅಂಗಳವನ್ನು ಹುಡುಕಿ, ನೀರು ಹೊಯ್ದು, ಮೆಲ್ಲಗೆ ಬಂದಳು. ತಮ್ಮ ಭಯವೂ ಅವಳ ಎಚ್ಚರಿಕೆಯೂ ಒಂದೇ ವಸ್ತುವನ್ನು ಕುರಿತದ್ದು. ತಾವು ಗಾಡಿಯನ್ನು ಮಾರಿದರೆ ಅವಳು ಬೇರೊಂದನ್ನು ತಮಗೆ ತಿಳಿಸದೆ ಕೊಳ್ಳುವಳು. ಆಗ ದೂರದಲ್ಲಿ ನಿಂತು ನೋಡುವದಕ್ಕೆ ಯಾರೂ ಇರಲಾರರು." ಅವರು ಪ್ರತ್ಯುತ್ತರ ಕೊಡಲಿಲ್ಲ, ಆದರೆ ಗಾಡಿಯನ್ನು ಮಾರಲೂ ಇಲ್ಲ.

ಕಾರಣವು ಸ್ಪಷ್ಟವಾಗಿತ್ತು. ದೊಡ್ಡ ಗಾಡಿಯ ಕ್ಯಾಲಿಪರಿನೊಳಗಿನ ಕೊಂತವು ದೊಡ್ಡದು. ಅದೇ ಒತ್ತಡಕ್ಕೆ ಅದು ಹಗುರವಾದ ಹಿಂಭಾಗವನ್ನು ಬೇಕಾದುದಕ್ಕಿಂತ ಹೆಚ್ಚಾಗಿ ಹಿಡಿಯಿತು. ಮುಂಚಕ್ರ ಮೊದಲು ಬಿಗಿದರೆ ಗಾಡಿ ನೇರವಾಗಿ ಜಾರುತ್ತದೆ. ಹಿಂಚಕ್ರ ಮೊದಲು ಬಿಗಿದರೆ ಹಿಂಭಾಗವು ಮುಂದಕ್ಕೆ ಬರಲು ಹವಣಿಸುತ್ತದೆ. ಮುಂಚಕ್ರಗಳ ನಳಿಕೆಯೂ ಹಿಂಚಕ್ರಗಳ ನಳಿಕೆಯೂ ಬೇರೆ ಬೇರೆಯಾಗಿದ್ದ ಆ ಗಾಡಿಯಲ್ಲಿ, ಹಿಂದಿನ ನಳಿಕೆಗೆ ಒತ್ತಡವನ್ನು ತಗ್ಗಿಸುವ ತಿರುಪಿನ ಕವಾಟವೊಂದನ್ನು ಆಕೆ ಕೂಡಿಸಿದಳು.

ನಳಿಕೆಯನ್ನು ಬಿಚ್ಚಿದ ಮೇಲೆ ಅದರೊಳಗೆ ಸೇರಿದ ಗಾಳಿಯನ್ನು ಹೊರದೂಡಬೇಕು. ದ್ರವವು ಅದುಮಿದರೆ ಕುಗ್ಗದು, ಗಾಳಿ ಕುಗ್ಗುವದು. ಒಂದು ಗುಳ್ಳೆ ಉಳಿದರೂ ಕಾಲಿನ ಬಲ ಅಲ್ಲಿಯೇ ವ್ಯರ್ಥವಾಗುವದು. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಕುಳಿತು ಬ್ರೇಕನ್ನು ತುಳಿದು ಹಿಡಿದಿರಬೇಕು. ಇನ್ನೊಬ್ಬರು ಚಕ್ರದ ಬಳಿ ತೂಬನ್ನು ಸಡಿಲಿಸಿ, ಗುಳ್ಳೆ ಹೊರಟ ಮೇಲೆ ಬಿಗಿದು, ಆಮೇಲೆ "ಬಿಡಿ" ಎನ್ನಬೇಕು. ತೂಬು ತೆರೆದಿರುವಾಗ ಕಾಲು ತೆಗೆದರೆ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಆ ಶನಿವಾರ ಸಹಾಯಕ್ಕೆ ಬರಬೇಕಾದ ಗೆಳತಿ ಬರಲಿಲ್ಲ. ತಂದೆಯವರು ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿದ್ದು, ಚಪ್ಪಲಿ ಕಳಚಿ, ಒಳಗೆ ಹೋಗಿ ಕುಳಿತರು. "ತುಳಿಯಿರಿ." "ತುಳಿದೆ." "ಹಿಡಿಯಿರಿ." "ಹಿಡಿದೆ." "ಬಿಡಿ." ವಾರಗಳಿಂದ ಮಾತಾಡದಿದ್ದ ತಂದೆ ಮಗಳು ಮುಕ್ಕಾಲು ಘಂಟೆ ಇಷ್ಟೇ ಮಾತುಗಳನ್ನಾಡಿದರು. ನಾವು ನಮ್ಮ ಪುಸ್ತಕದಿಂದ ತಲೆಯೆತ್ತಲಿಲ್ಲ.

ಅದೇ ಅಂಗಳದಲ್ಲಿ ಎರಡನೆಯ ಪರೀಕ್ಷೆಯಾದಾಗ ಗಾಡಿ ನೇರವಾಗಿ ನಿಂತಿತು. ಆಮೇಲೆ ಆಕೆ ಪಥಕ್ಕೂ ಹೋಗಿ ಬಂದಳು; ತಂದೆಯವರೂ ಜೊತೆಗೆ ಹೋಗಿದ್ದರು. ಅವರ ಭಯವು ಹೋಯಿತೆಂದು ನಾವು ಹೇಳಲಾರೆವು, ಅವರೂ ಹೇಳುವದಿಲ್ಲ. ಈಗ ಹೊರಡುವ ಮೊದಲು ಬ್ರೇಕಿನ ದ್ರವವನ್ನು ತಾವೇ ನೋಡುತ್ತಾರೆ.

ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮನೆಯ ಸಾಮಾನ್ಯ ಗಾಡಿಗೆ ಇಂಥ ಬದಲಾವಣೆ ಯಾವದೂ ಬೇಕಿಲ್ಲ. ಅದರ ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರಿ ಕುದಿಯುವ ಹದವನ್ನು ಕಳೆದುಕೊಳ್ಳುವದರಿಂದ, ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಾಯಿಸಿಸಿರಿ. ಆ ದಿವಸ ಮಗಳನ್ನೂ ಕರೆದುಕೊಂಡು ಹೋಗಿರಿ. ಅವಳು ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ನಮ್ಮಲ್ಲಿಗೆ ಕಳುಹಿಸಿರಿ. ಕಳಚಿದ ಡ್ರಮ್ಮುಗಳಲ್ಲಿ ಒಂದು, ಅದರ ಎರಡು ಕಮಾನುಗಳ ಸಹಿತವಾಗಿ ಚೊಕ್ಕಟಗೊಂಡು, ನಮ್ಮ ವಿಜ್ಞಾನದ ಕೊಠಡಿಯ ಕಪಾಟಿನಲ್ಲಿದೆ. ಹುಡುಗಿಯರು ಅದನ್ನು ಕೈಯಿಂದ ತಿರುಗಿಸಿ ನೋಡುತ್ತಾರೆ. ಪೂರ್ವ ವಿದ್ಯಾರ್ಥಿನಿಯರೂ ಬಂದು ನೋಡಬಹುದು.