ಮೇಳಿಗೆಯಿಂದ ಸಾಗರದವರೆಗೆ: ಗೆರೆಯ ಗ್ರಾಮ, ನೆಲದ ಗ್ರಾಮ

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಗೆ ಬಯಲುಸೀಮೆಯಿಂದ ಬಂದವರು ಅನಂತನಾಥ ಬಸದಿಯ ದರ್ಶನ ಮುಗಿಸಿ ‘ಊರು ಎಲ್ಲಿದೆ?’ ಎಂದು ಕೇಳಿದರೆ ಆಶ್ಚರ್ಯವಿಲ್ಲ. ಬಯಲುಸೀಮೆಯ ಗ್ರಾಮಕ್ಕೆ ಅಗಸೆ, ಓಣಿ, ಕಟ್ಟೆಗಳುಂಟು. ಮನೆಗೆ ಮನೆ ತಾಗಿಕೊಂಡಿರುತ್ತದೆ. ಮಲೆನಾಡಿನಲ್ಲಿ ಅಡಕೆ ತೋಟದ ಮೇಲೊಂದು ಮನೆ, ಗದ್ದೆಯ ಆಚೆಗೊಂದು, ಗುಡ್ಡ ಹತ್ತಿ ಇಳಿದರೆ ಮತ್ತೊಂದು. ನಕಾಶೆಯಲ್ಲಿ ಒಂದೇ ಹೆಸರಿನ ಗ್ರಾಮವು ನೆಲದ ಮೇಲೆ ಹಲವು ಒಂಟಿಮನೆಗಳ ಸಮೂಹವಾಗಿರುತ್ತದೆ. ಮೇಳಿಗೆಯಿಂದ ನಗರ, ಹೊಸನಗರಗಳ ಮಾರ್ಗವಾಗಿ ಸಾಗರದವರೆಗೆ ಸಂಚರಿಸಿದ ನಮಗೆ ಈ ಸಂಗತಿ ಉದ್ದಕ್ಕೂ ಮನದಟ್ಟಾಯಿತು.

ಈ ಮೂರು ತಾಲ್ಲೂಕುಗಳು ಕೆಳದಿ ಅರಸರ ನಾಡಿನ ಹೃದಯಭಾಗ. ಅವರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಬಂದಿತು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು ಭೂಮಿಯ ಗುಣವನ್ನರಿತು ಕಂದಾಯ ಗೊತ್ತುಪಡಿಸಿದ ‘ಶಿಸ್ತು’ ಪ್ರಸಿದ್ಧವಾದುದು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ಅದೇ ಇಂದಿನ ನಗರ. ಮುಂದೆ ತಾಲ್ಲೂಕು ಕಚೇರಿಯು ನಗರದಿಂದ ಕಲ್ಲೂರುಕಟ್ಟೆಗೆ ಹೋದಾಗ ಆ ಊರು ಹೊಸನಗರವೆನಿಸಿತು. ತೀರ್ಥಹಳ್ಳಿ ತಾಲ್ಲೂಕಿಗೂ ಹಿಂದೆ ಕವಲೇದುರ್ಗದ ಹೆಸರಿತ್ತು. ಕಚೇರಿ ಹೋದ ಕಡೆಗೆ ಪೇಟೆಯೂ ಜನವೂ ಹೋಗುವುದು ಲೋಕರೂಢಿ. ಒಂದು ಕಾಲದ ರಾಜಧಾನಿ ಇಂದು ಕೇವಲ ಹೋಬಳಿಯ ಕೇಂದ್ರ.

ಅರಸರಂತೆ ನೀರೂ ಈ ನಾಡಿನ ಗೆರೆಗಳನ್ನು ಬದಲಿಸಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಹರಡಿದಾಗ ಅನೇಕ ಗ್ರಾಮಗಳು ಮುಳುಗಿದವು. ಸಾವಿರಾರು ಕುಟುಂಬಗಳು ನೆಲೆ ಕಳೆದುಕೊಂಡವು. ಹಿನ್ನೀರಿನ ಆಚೆ ಉಳಿದವರಿಗೆ ಸಾಗರದ ಕಚೇರಿ, ಆಸ್ಪತ್ರೆಗಳಿಗೆ ಬರಲು ಹೊಳೆಬಾಗಿಲಿನ ಲಾಂಚೇ ಹತ್ತಿರದ ಹಾದಿಯಾಯಿತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೂ, ಎಂದರೆ ಆರು ದಶಕಗಳ ಕಾಲ, ಅವರು ಕಾದರು.

2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ ಕರ್ನಾಟಕದಲ್ಲಿ 319 ಜನ, ಶಿವಮೊಗ್ಗ ಜಿಲ್ಲೆಯಲ್ಲಿ 207. ಈ ಮೂರು ತಾಲ್ಲೂಕುಗಳಲ್ಲಿ ಇನ್ನೂ ವಿರಳ. ಇದನ್ನರಿತೇ 1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮ ಪಂಚಾಯಿತಿಗೆ ಸಾಮಾನ್ಯವಾಗಿ ಕನಿಷ್ಠ 5,000 ಜನಸಂಖ್ಯೆ ಬೇಕೆಂದರೂ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡ ಮೊದಲಾದ ಜಿಲ್ಲೆಗಳಿಗೆ 2,500 ಸಾಕೆಂದು ವಿನಾಯಿತಿ ನೀಡಿತು. ಇದು ವಿವೇಕದ ಮಾತು.

ಹಿಮಾಲಯದ ಮಡಿಲಿನಲ್ಲಿ, ಕಡಲ ತೀರವಿಲ್ಲದ ಭೂತಾನವೂ ಇಂಥದೇ ನಾಡು. ಏಳು ಲಕ್ಷಕ್ಕೆ ತುಸು ಮೀರಿದ ಜನರಿಗೆ ಅಲ್ಲಿ 20 ಜಿಲ್ಲೆಗಳು, ಅವುಗಳೊಳಗೆ 205 ‘ಗೆವೋಗ್’ಗಳು, ಎಂದರೆ ಹಳ್ಳಿಗಳ ಗುಂಪುಗಳು. ಕಣಿವೆಕಣಿವೆಗೂ ಆಡಳಿತ ತಲುಪಬೇಕಾದರೆ ತಲೆ ಎಣಿಸಿದರೆ ಸಾಲದೆಂಬುದಕ್ಕೆ ಇದೊಂದು ನಿದರ್ಶನ. ಅಲ್ಲಿಯೂ ಯುವಕರು ರಾಜಧಾನಿ ಥಿಂಫುವಿಗೆ ಹೋಗುತ್ತಿದ್ದಾರೆ. ನಮ್ಮ ಮಲೆನಾಡಿನ ಮಕ್ಕಳು ಬೆಂಗಳೂರಿಗೆ ಹೋದಂತೆ.

ಜನ ಕಡಿಮೆಯಾದರೆಂದು ಶಾಲೆ ಮುಚ್ಚಿದರೆ, ಶಾಲೆಯಿಲ್ಲವೆಂದು ಉಳಿದವರೂ ಹೊರಡುತ್ತಾರೆ. ಆದ್ದರಿಂದ ಶಾಲೆಯನ್ನಾಗಲಿ ಕಚೇರಿಯನ್ನಾಗಲಿ ಎಲ್ಲಿಡಬೇಕೆಂದು ನಿಶ್ಚಯಿಸುವವರು ಮಳೆಗಾಲದಲ್ಲಿ ಒಂಟಿಮನೆಯ ವೃದ್ಧರೊಬ್ಬರು ಅಲ್ಲಿಗೆ ಹೋಗಿ ಸಂಜೆಯೊಳಗೆ ಮನೆ ಸೇರಬಲ್ಲರೇ ಎಂಬುದನ್ನು ಮೊದಲು ವಿಚಾರಿಸಲಿ. ಊರು ಬಿಟ್ಟು ದೂರದಲ್ಲಿ ನೆಲೆಸಿರುವ ಓದುಗ ಬಂಧುಗಳೂ ಮನೆಯ ಮಕ್ಕಳಿಗೆ ತಮ್ಮ ಗ್ರಾಮ, ಹೋಬಳಿಗಳ ಹೆಸರನ್ನು ಕಲಿಸಿ, ವರ್ಷಕ್ಕೊಮ್ಮೆಯಾದರೂ ಆ ಹಾದಿಯಲ್ಲಿ ನಡೆಸಿಕೊಂಡು ಬರಬೇಕೆಂದು ನಮ್ಮ ಆಶಯ.