ಪುಟ್ಟ ಪ್ರೊಪೆಲ್ಲರ್, ಕಣ್ಣಿಗೆ ಕಾಣದ ಪುಡಿ



ರಿಮೋಟ್‌ನಿಂದ ಓಡುವ ಪುಟ್ಟ ರೇಸ್ ದೋಣಿಗಳ ವಿಡಿಯೋ ನೀವೂ ನೋಡಿರುತ್ತೀರಿ. ಅಮೆರಿಕ, ಬ್ರಿಟನ್‌ಗಳಲ್ಲಿ ದೊಡ್ಡವರೇ ಇದನ್ನು ಹವ್ಯಾಸವಾಗಿ ಆಡುತ್ತಾರೆ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ ನನಗೆ ದೋಣಿಗಿಂತ ಅದರ ಹಿಂದೆ ತಿರುಗುವ ಲೋಹದ ಪ್ರೊಪೆಲ್ಲರ್ ಮೇಲೆಯೇ ಕಣ್ಣು. ಹೊಸೂರಿನ ನಮ್ಮ ಎಷ್ಟೋ ಮನೆಗಳಿಂದ ಒಬ್ಬರಾದರೂ ಲೋಹದ ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ ಈ ವಿಷಯ ನಮಗೂ ಸೇರಿದ್ದು.

ಅಮೆರಿಕದ ಆಕ್ಟುರಾ ಕಂಪನಿಯ ಎಕ್ಸ್455 ಎಂಬ ಪ್ರೊಪೆಲ್ಲರ್ ತೆಗೆದುಕೊಳ್ಳಿ. ಅದರ ಅಗಲ 55 ಮಿಲಿಮೀಟರ್. ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ತಿರುಗುತ್ತದೆ. ನಿಮಿಷಕ್ಕೆ 25,000 ಸುತ್ತು ತಿರುಗಿದರೆ ರೆಕ್ಕೆಯ ತುದಿ ಗಂಟೆಗೆ ಸುಮಾರು 260 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ವೇಗದಲ್ಲಿ ಒಂದು ರೆಕ್ಕೆಯ ತುದಿಯಲ್ಲಿ ಗ್ರಾಮಿನ ಹತ್ತನೇ ಒಂದು ಪಾಲು ಹೆಚ್ಚಿದ್ದರೂ, ಸುಮಾರು ಎರಡು ಕಿಲೋ ತೂಗು ಹಾಕಿದಂತೆ ಅದು ಶಾಫ್ಟನ್ನು ಎಳೆಯುತ್ತದೆ. ಲೆಕ್ಕ ಹಾಕಿ ನೋಡಿ, ಪಿಯುಸಿ ಫಿಸಿಕ್ಸ್ ಸಾಕು.

ಅಚ್ಚಿನಿಂದ ಬಂದ ಪ್ರೊಪೆಲ್ಲರ್ ಒರಟಾಗಿರುತ್ತದೆ. ಅದಕ್ಕೊಂದು ಕಡ್ಡಿ ತೂರಿಸಿ ಎರಡು ನೇರ ಅಂಚುಗಳ ಮೇಲೆ ಇಡುತ್ತಾರೆ. ಭಾರದ ರೆಕ್ಕೆ ತಾನೇ ಕೆಳಗೆ ಬರುತ್ತದೆ. ನೀರನ್ನು ತಳ್ಳುವ ಮುಖ ಮುಟ್ಟದೆ, ಅದರ ಹಿಂಬದಿಯನ್ನು ಅರದಿಂದ ಉಜ್ಜುತ್ತಾರೆ. ನೀರನ್ನು ಸೀಳುವ ಅಂಚನ್ನು ಚಾಕುವಿನಂತೆ ಹರಿತ ಮಾಡುತ್ತಾರೆ. ಕೆಲವರು ಹಿಂದಿನ ಅಂಚನ್ನು ಸ್ವಲ್ಪ ಬಾಗಿಸುತ್ತಾರೆ.

ಬಾಗಿಸುವುದಕ್ಕೆ ಲೋಹ ಮೆತ್ತಗಿರಬೇಕು, ಓಡುವುದಕ್ಕೆ ಗಟ್ಟಿಯಾಗಿರಬೇಕು. ಈ ಪ್ರೊಪೆಲ್ಲರ್ ತಾಮ್ರಕ್ಕೆ ಸುಮಾರು ನೂರಕ್ಕೆ ಎರಡು ಪಾಲು ಬೆರಿಲಿಯಂ ಸೇರಿಸಿದ ಮಿಶ್ರಲೋಹ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ. ಇದು ತದ್ವಿರುದ್ಧ. ಸುಮಾರು 790 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅದ್ದಿದರೆ ಮೆತ್ತಗಾಗುತ್ತದೆ, ಏಕೆಂದರೆ ಬೆರಿಲಿಯಂ ತಾಮ್ರದಲ್ಲಿ ಕರಗಿದ ಹಾಗೆಯೇ ಉಳಿಯುತ್ತದೆ. ಆಗ ಬೇಕಾದ ಆಕಾರ ಕೊಟ್ಟು, ಮತ್ತೆ ಸುಮಾರು 315 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಡುತ್ತಾರೆ. ಒಳಗೆ ಅತಿ ಸಣ್ಣ ಕಣಗಳು ಮೂಡಿ, ಪರಮಾಣುಗಳ ಸಾಲು ಜಾರದಂತೆ ತಡೆಯುತ್ತವೆ. ಲೋಹ ಗಟ್ಟಿಯಾಗುತ್ತದೆ. ಹೊತ್ತು ಮೀರಿದರೆ ಕಣಗಳು ದಪ್ಪವಾಗಿ ಹದ ಕೆಡುತ್ತದೆ.

ಈ ಗುಣವನ್ನು 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಕಂಡರು. ಕಾಯಿಸಿ ಅದ್ದಿದ ತುಂಡು ಸುಮ್ಮನೆ ಇಟ್ಟ ಕೆಲವು ದಿನಗಳಲ್ಲಿ ತಾನಾಗಿ ಗಟ್ಟಿಯಾಗಿತ್ತು. ಕಾರಣದ ಸುಳಿವು ಸಿಕ್ಕಿದ್ದು 1938ರಲ್ಲಿ, ಗಿನಿಯೆ ಮತ್ತು ಪ್ರೆಸ್ಟನ್ ಎಂಬಿಬ್ಬರು ಬೇರೆ ಬೇರೆಯಾಗಿ ನಡೆಸಿದ ಎಕ್ಸ್‌-ರೇ ಪರೀಕ್ಷೆಗಳಿಂದ.

ಇಷ್ಟು ಓದಿದ ಮೇಲೆ ನಾನು ನಿಂತದ್ದು ಅರದಿಂದ ಉದುರುವ ಪುಡಿಯ ಹತ್ತಿರ. ಪ್ರೊಪೆಲ್ಲರನ್ನು ಕೈಯಲ್ಲಿ ಹಿಡಿದರೆ ಏನೂ ಆಗುವುದಿಲ್ಲ. ಆದರೆ ಬೆರಿಲಿಯಂ ಇರುವ ಪುಡಿಯನ್ನು ಉಸಿರಾಡಿದರೆ ಕೆಲವರ ಶ್ವಾಸಕೋಶ ಗಾಯಗೊಳ್ಳುತ್ತದೆ. ಕಾಯಿಲೆ ವರ್ಷಗಳ ನಂತರವೂ ಕಾಣಿಸಬಹುದು. ಪೂರ್ತಿ ಗುಣಪಡಿಸುವ ಔಷಧ ಇಲ್ಲ. 1946ರಲ್ಲಿ ಅಮೆರಿಕದ ವೈದ್ಯೆ ಹ್ಯಾರಿಯೆಟ್ ಹಾರ್ಡಿ ಮತ್ತು ಅವರ ಸಹೋದ್ಯೋಗಿ, ಟ್ಯೂಬ್‌ಲೈಟ್ ಕಾರ್ಖಾನೆಯ ಕೆಲಸಗಾರರಲ್ಲಿ ಈ ಕಾಯಿಲೆಯನ್ನು ವರದಿ ಮಾಡಿದರು. ಮುಂದೆ, ಕಾರ್ಖಾನೆಗೆ ಕಾಲಿಡದೆ ಮನೆಯಲ್ಲಿ ಕೆಲಸದ ಬಟ್ಟೆ ಒಗೆದವರಿಗೂ ಬಂದದ್ದು ಗೊತ್ತಾಯಿತು. 2017ರಲ್ಲಿ ಅಮೆರಿಕ ಸರ್ಕಾರ ಕೆಲಸದ ಜಾಗದ ಗಾಳಿಯಲ್ಲಿ ಒಂದು ಘನ ಮೀಟರಿಗೆ 0.2 ಮೈಕ್ರೊಗ್ರಾಮ್‌ಗಿಂತ ಹೆಚ್ಚು ಬೆರಿಲಿಯಂ ಇರಬಾರದೆಂದು ಮಿತಿ ಹಾಕಿತು. ಮೊದಲಿನ ಮಿತಿ ಇದರ ಹತ್ತು ಪಟ್ಟು ಇತ್ತು.

ನಮ್ಮ ಯುವಜನ ಸಂಘದಲ್ಲಿ ಇದನ್ನು ಹೇಳಿದಾಗ, ಪಾಲಿಶ್ ಕೆಲಸಕ್ಕೆ ಹೋಗುವ ತಮ್ಮನೊಬ್ಬ ಕೇಳಿದ: "ಅಣ್ಣಾ, ನಾನು ಉಜ್ಜೋದು ಸ್ಟೀಲು. ನಮ್ಮಮ್ಮ ದಿನಾ ನನ್ನ ಬಟ್ಟೆ ಕೊಡವಿ ಒಗೀತಾರೆ. ಅದರಲ್ಲೂ ಏನಾದ್ರೂ ಇರುತ್ತಾ?"

ಬೆರಿಲಿಯಂ ಇರುವುದಿಲ್ಲ, ಆದರೆ ಸ್ಟೇನ್‌ಲೆಸ್ ಸ್ಟೀಲಿನ ಪುಡಿಯಲ್ಲಿ ಕ್ರೋಮಿಯಂ, ನಿಕ್ಕಲ್ ಇರುತ್ತವೆ, ಅಚ್ಚಿನ ಮರಳಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅವೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಎಂದೆ. ಅವನು ಸುಮ್ಮನಾದ. ತನ್ನ ಕೆಮ್ಮಿನ ಬಗ್ಗೆ ಎಂದೂ ತಲೆ ಕೆಡಿಸಿಕೊಳ್ಳದವನು ಅಮ್ಮನ ವಿಷಯ ಬಂದಾಗ ಯೋಚನೆಗೆ ಬಿದ್ದ.

ತಿಳಿದ ಹವ್ಯಾಸಿಗಳು ಪ್ರೊಪೆಲ್ಲರನ್ನು ಒಣಗಿದ್ದಾಗ ಉಜ್ಜುವುದಿಲ್ಲ. ನೀರಿನಲ್ಲಿ ನೆನೆಸಿಯೇ ಉಜ್ಜುತ್ತಾರೆ, ಸರಿಯಾದ ರೆಸ್ಪಿರೇಟರ್ ಹಾಕುತ್ತಾರೆ, ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಬಾಯಿಂದ ಊದುವುದಿಲ್ಲ, ಪೊರಕೆ ಹಿಡಿಯುವುದಿಲ್ಲ. ಆಟಕ್ಕೇ ಇಷ್ಟು ಜಾಗ್ರತೆ ಇರುವಾಗ, ಹೊಟ್ಟೆಪಾಡಿಗೆ ದಿನಕ್ಕೆ ಎಂಟು ಗಂಟೆ ಉಜ್ಜುವ ನಮ್ಮ ಹುಡುಗರಿಗೆ ಕಡಿಮೆ ಇರಬೇಕೇ?

ಕೆಲಸಕ್ಕೆ ಹೋಗುವ ತಮ್ಮಂದಿರೇ, ತಂಗಿಯರೇ, ಮೂಗಿಗೆ ಕಟ್ಟುವ ಕರವಸ್ತ್ರ ಸಾಲದು. ಧೂಳಿಗೆ ತಕ್ಕ ಮಾಸ್ಕ್ ಕೇಳಿ ಪಡೆಯಿರಿ. ನೀವು ಉಜ್ಜುವ ಲೋಹ ಯಾವುದೆಂದು ಸೂಪರ್‌ವೈಸರನ್ನು ಕೇಳಿ. ಕೇಳುವುದು ಉದ್ಧಟತನವಲ್ಲ. ಕೆಲಸದ ಬಟ್ಟೆಯನ್ನು ಅಲ್ಲಿಯೇ ಬದಲಿಸಿ, ಬೇರೆ ಚೀಲದಲ್ಲಿ ತಂದು, ಕೊಡವದೆ ನೇರ ನೀರಿಗೆ ಹಾಕಿ. ಕೆಮ್ಮು ವಾರಗಟ್ಟಲೆ ನಿಲ್ಲದಿದ್ದರೆ ಡಾಕ್ಟರಿಗೆ ಕೆಮ್ಮಿನ ಜೊತೆ ನಿಮ್ಮ ಕೆಲಸವೇನೆಂದೂ ಹೇಳಿ. ಕೇಳಲು ಸಂಕೋಚವಾದರೆ ನನ್ನನ್ನು ಕರೆಯಿರಿ, ಜೊತೆಗೆ ಬರುತ್ತೇನೆ.